ನಾಲ್ಕು ಹಾರ್ಡ್ ಡಿಸ್ಕ್‌ಗಳಲ್ಲಿ ಚದುರಿರುವ ಲಕ್ಷ ಫೋಟೊಗಳನ್ನು ಎಲ್ಲಿಂದ ಜೋಡಿಸಲು ಆರಂಭಿಸಲಿ? ಒಂದು ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದೆ. ಗೂಗಲ್ ಫೋಟೋಸ್ ಸಾಲದೇ?

ಜೋಡಿಸುವುದನ್ನು ಮುಂದಿನ ತಿಂಗಳಿಗೆ ಇಡಿ. ಮೊದಲು ನಾಲ್ಕು ಡಿಸ್ಕ್‌ಗಳಲ್ಲಿರುವುದನ್ನೂ ಇದ್ದ ಹಾಗೆಯೇ ಒಂದು ದೊಡ್ಡ ಹೊಸ ಡಿಸ್ಕಿಗೆ ಸುರಿಯಿರಿ. ಒಂದೇ ಫೋಟೊ ಮೂರು ಸಲ ಬಂದರೂ ಬರಲಿ. ಹಳೆಯ ಡಿಸ್ಕಿನಲ್ಲೇ ಬೇಕಾದದ್ದು, ಬೇಡವಾದದ್ದು ಎಂದು ಆರಿಸುತ್ತಾ ಕುಳಿತರೆ ಅದು ಅರ್ಧದಲ್ಲೇ ಕೈಕೊಡಬಹುದು. ಟಕ್ ಟಕ್ ಸದ್ದು ಮಾಡುತ್ತಿದೆ ಎಂದಿರಲ್ಲ, ಆ ಡಿಸ್ಕನ್ನು ಮಾತ್ರ ಮತ್ತೆ ಮತ್ತೆ ಹಾಕಿ ನೋಡಬೇಡಿ. ದತ್ತಾಂಶ ಹೊರತೆಗೆಯುವವರ ಕೈಗೇ ಕೊಡಿ.

ಈ ಅವಸರ ನನಗೆ ಬಂದದ್ದು ಸಿಡಿಲಿನಿಂದ. ಉಡುಪಿಯ ನಮ್ಮ ಮನೆಯಲ್ಲಿ ಒಂದು ಮೇ ತಿಂಗಳ ಸಂಜೆ ಕಂಪ್ಯೂಟರ್ ಸುಟ್ಟಿತು. ಅದಕ್ಕೆ ಸಿಕ್ಕಿಸಿಯೇ ಬಿಟ್ಟಿದ್ದ ಎರಡು ಡಿಸ್ಕ್‌ಗಳೂ ಹೋದವು. ಒಂದು ಮೂಲ, ಇನ್ನೊಂದು ಅದರ ಬ್ಯಾಕಪ್! ಉಳಿದದ್ದು ಮಗಳ ಮದುವೆಯ ಫೋಟೊ ನೋಡಲೆಂದು ಅಕ್ಕ ಮಂಗಳೂರಿಗೆ ಒಯ್ದಿದ್ದ ಹಳೆಯ ಡಿಸ್ಕ್ ಮಾತ್ರ. ಈಗ ಮೂರು ಪ್ರತಿಗಳಿವೆ: ಒಂದು ಕಂಪ್ಯೂಟರಿನಲ್ಲಿ, ಒಂದು ಕೆಲಸ ಮುಗಿದ ಕೂಡಲೇ ಕಳಚಿಡುವ ಡಿಸ್ಕಿನಲ್ಲಿ, ಒಂದು ಅಕ್ಕನ ಮನೆಯಲ್ಲಿ. ನಮ್ಮ ಮಳೆಗಾಲದ ತೇವಕ್ಕೆ ಕ್ಯಾಮೆರಾದ ಲೆನ್ಸಿಗೇ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಡಿಸ್ಕನ್ನೂ ಲೆನ್ಸುಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ.

ಗೂಗಲ್ ಫೋಟೋಸ್ ಸಾಲದೇ ಎಂದು ಕೇಳಿದ್ದೀರಿ. ಉಚಿತ ಜಾಗ 15 ಜಿಬಿ, ಅದರಲ್ಲಿ ಜಿಮೇಲ್‌ಗೂ ಪಾಲಿದೆ. ಲೆಕ್ಕವಿಲ್ಲದಷ್ಟು ಫೋಟೊಗಳನ್ನು ಪುಕ್ಕಟೆ ಏರಿಸುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ದುಡ್ಡು ಕೊಟ್ಟು ಜಾಗ ಪಡೆದರೂ, ಆ ಆ್ಯಪ್‌ನಲ್ಲಿ ಅಳಿಸಿದ ಫೋಟೊ ಕ್ಲೌಡ್‌ನಿಂದಲೂ ಹೋಗುತ್ತದೆ. ಕಸದ ಬುಟ್ಟಿಯಲ್ಲಿ 60 ದಿನ ಸಿಗುತ್ತದೆ, ಆಮೇಲೆ ಇಲ್ಲ. ನಾಲ್ಕನೆಯ ಪ್ರತಿಯಾಗಿ ಇರಲಿ.

ಇನ್ನು ಜೋಡಣೆ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಫೋಲ್ಡರಿಗೆ ಹೆಸರಿಟ್ಟರೆ ಅವು ತಾವೇ ಸಾಲಾಗಿ ನಿಲ್ಲುತ್ತವೆ. ಆದರೆ ದಿನಾಂಕ ನೋಡಿ ವಿಂಗಡಿಸುವ ತಂತ್ರಾಂಶಕ್ಕೆ ನಮ್ಮೂರಿನ ರಾತ್ರಿಗಳು ಅರ್ಥವಾಗುವುದಿಲ್ಲ. ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟದಲ್ಲಿ ಚೌಕಿ ಎಂಬ ಬಣ್ಣದ ಮನೆಯೊಳಗೆ ಬಣ್ಣ ಹಚ್ಚುವ ಫೋಟೊ ಒಂದು ದಿನಕ್ಕೆ, ಬೆಳಗಿನ ಜಾವ ಆಟ ಮುಗಿಸುವ ಮಂಗಳ ಪದ್ಯದ ಫೋಟೊ ಇನ್ನೊಂದು ದಿನಕ್ಕೆ ಬೀಳುತ್ತದೆ. ಉಡುಪಿ ಕೃಷ್ಣಮಠದ ಪೂಜೆಯ ಹೊಣೆ ಪುತ್ತಿಗೆ ಮಠಕ್ಕೆ ಬಂದ 2024ರ ಪರ್ಯಾಯ ಉತ್ಸವವೂ ನನ್ನಲ್ಲಿ ಹೀಗೆಯೇ ಎರಡು ತುಂಡಾಗಿತ್ತು: ಜನವರಿ 17ರ ಸಂಜೆಯ ದೀಪಾಲಂಕಾರ ಒಂದು ಕಡೆ, 18ರ ನಸುಕಿನ ಮೆರವಣಿಗೆ ಇನ್ನೊಂದು ಕಡೆ. ಈಗ ಆರಂಭದ ದಿನಾಂಕವೇ ಇಡೀ ರಾತ್ರಿಗೆ: ‘2024-01-17 ಪರ್ಯಾಯ’. ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶದಲ್ಲಿ ನೂರಾರು ಫೋಟೊಗಳ ಸಮಯವನ್ನು ಒಟ್ಟಿಗೆ ಸರಿಪಡಿಸಬಹುದು. ಒಂದೇ ಫೋಟೊದ ನಕಲುಗಳನ್ನೂ ಅದು ಹುಡುಕಿ ಕೊಡುತ್ತದೆ. ಪ್ರಸಂಗ, ವೇಷ, ಊರು ಎಂದು ಟ್ಯಾಗ್ ಹಾಕುವಾಗ ಅದು ಫೋಟೊ ಕಡತದೊಳಗೇ ದಾಖಲಾಗುವ ಆಯ್ಕೆಯನ್ನು ಆರಿಸಿಕೊಳ್ಳಿ, ಇಲ್ಲವಾದರೆ ತಂತ್ರಾಂಶ ಬದಲಿಸಿದ ದಿನ ಆ ಶ್ರಮವೆಲ್ಲ ನೀರುಪಾಲು. ಮಲ್ಪೆಯ ಸೂರ್ಯಾಸ್ತಗಳಿಗೆ ಟ್ಯಾಗ್ ಬೇಡ. ನನ್ನಲ್ಲಿ ಸಾವಿರಕ್ಕೂ ಹೆಚ್ಚಿವೆ, ಯಾರೂ ಕೇಳಿಲ್ಲ.

ಆರು ತಿಂಗಳಿಗೊಮ್ಮೆ ಪ್ರತಿ ಡಿಸ್ಕಿನಿಂದಲೂ ಹತ್ತಿಪ್ಪತ್ತು ಫೋಟೊ ತೆರೆದು ನೋಡಿ. ಕಳೆದ ಸಲ ಹೀಗೆ ನೋಡಿದಾಗ ಡಬ್ಬಿಯ ಡಿಸ್ಕಿನಲ್ಲಿ 2009ರ ಫೋಲ್ಡರ್ ಹೆಸರು ಮಾತ್ರ ಇತ್ತು, ಒಳಗೆ ಏನೂ ಇಲ್ಲ. ಮರುದಿನವೇ ಮಂಗಳೂರಿನ ಬಸ್ ಹತ್ತಿದೆ; ಅಕ್ಕನ ಮನೆಯ ಪ್ರತಿಯಲ್ಲಿ ಎಲ್ಲವೂ ಇದ್ದವು.