ಮನೆಯಲ್ಲಿ ಎಲ್ಲರೂ ಸೇರಿ ವಿಷ್ಣು ಸಹಸ್ರನಾಮ ಹೇಳುವುದಕ್ಕೆ ಏನೇನು ತಯಾರಿ ಬೇಕು?

ಪುರೋಹಿತರಿಲ್ಲದೆ, ಅಕ್ಕಪಕ್ಕದವರನ್ನು ಕರೆದು ಮನೆಯಲ್ಲೇ ಒಂದು ದಿನ ಸಹಸ್ರನಾಮ ಪಾರಾಯಣ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೀರಿ. ಖಂಡಿತ ಇಟ್ಟುಕೊಳ್ಳಿ. ಭೀಷ್ಮರು ಧರ್ಮರಾಯನಿಗೆ ಈ ನಾಮಗಳನ್ನು ಹೇಳಿದ್ದು ಶರಶಯ್ಯೆಯ ಮೇಲೆ ಮಲಗಿಕೊಂಡು. ಅಲ್ಲಿ ಮಂಟಪವೂ ಇರಲಿಲ್ಲ, ಕಲಶವೂ ಇರಲಿಲ್ಲ. ದೀಪ ಹಚ್ಚಿ, ತುಳಸಿ ಏರಿಸಿ ಕೂತರೆ ಸಾಕು.

ಮೊದಲ ಸಲ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಇಪ್ಪತ್ತು ಜನಕ್ಕೆ ಬಿಸಿಬೇಳೆಬಾತ್, ಪಾಯಸ, ಆಂಬೊಡೆ ಅಂತ ಹೊರಟೆ. ಹಾಲ್‌ನಲ್ಲಿ ‘ವಿಶ್ವಂ ವಿಷ್ಣುರ್ವಷಟ್ಕಾರೋ’ ಶುರುವಾದಾಗ ನಾನು ಬಾಣಲೆ ಮುಂದೆ ನಿಂತಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ನಾಮಗಳೆಲ್ಲ ಮುಗಿದು ಕೊನೆಯ ಫಲಶ್ರುತಿ ನಡೆಯುತ್ತಿತ್ತು. ನಮ್ಮ ಮನೆಯ ಪಾರಾಯಣದಲ್ಲಿ ನನ್ನ ಬಾಯಲ್ಲಿ ಒಂದು ನಾಮವೂ ಬರಲಿಲ್ಲವಲ್ಲ ಅಂತ ಆ ರಾತ್ರಿ ತುಂಬ ಬೇಜಾರಾಯಿತು. ಈಗ ಕೋಸಂಬರಿ, ಪಾನಕ, ಬಾಳೆಹಣ್ಣು ಅಷ್ಟೇ. ಹೆಸರುಬೇಳೆ ಮೊದಲೇ ನೆನೆಹಾಕಿ. ಉಪ್ಪು ಮಾತ್ರ ಕೊಡುವ ಹೊತ್ತಿಗೆ ಹಾಕಿ, ಇಲ್ಲದಿದ್ದರೆ ನೀರು ಬಿಡುತ್ತದೆ. ಏಕಾದಶಿ ದಿನ ಇಟ್ಟರೆ ನೀರೂ ಮುಟ್ಟದವರು ಬರುತ್ತಾರೆ, ತಿನ್ನಿ ಅಂತ ಒತ್ತಾಯ ಮಾಡಬೇಡಿ.

ಪುಸ್ತಕದ ವಿಷಯ ಮರೆಯಬೇಡಿ. ಒಬ್ಬೊಬ್ಬರ ಪುಸ್ತಕದಲ್ಲಿ ಪೂರ್ವಪೀಠಿಕೆ, ಧ್ಯಾನಶ್ಲೋಕ ಹೆಚ್ಚುಕಡಿಮೆ ಇರುತ್ತವೆ. ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ ಆಗಿಬಿಡುತ್ತದೆ. ಒಂದೇ ಪ್ರತಿಯನ್ನು ದಪ್ಪ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಕೊಡಿ.

ಇನ್ನು ಹೇಳುವ ವೇಗ. ಬಾಯಿಪಾಠ ಇರುವವರು ಓಡುತ್ತಾರೆ, ಹೊಸಬರು ನಾಲ್ಕನೇ ಶ್ಲೋಕಕ್ಕೇ ಬಾಯಿ ಮುಚ್ಚಿ ಕೂರುತ್ತಾರೆ. ಇದು ಅನುಷ್ಟುಪ್ ಛಂದಸ್ಸು, ಸಾಲಿಗೆ 16 ಅಕ್ಷರ. ಎಂಟು ಅಕ್ಷರ ಆದ ಮೇಲೆ ಚೂರು ನಿಂತು ಹೇಳಿದರೆ ಎಲ್ಲರಿಗೂ ಸಿಗುತ್ತದೆ. ಎರಡು ಗುಂಪು ಮಾಡಿ, ಒಂದು ಶ್ಲೋಕ ಇವರು, ಒಂದು ಅವರು. ಉಸಿರಿಗೂ ಬಿಡುವು, ಕೇಳುವುದಕ್ಕೂ ಚೆನ್ನ. ಶ್ರುತಿ ಕೆಳಗೇ ಇರಲಿ, ವಯಸ್ಸಾದವರಿಗೆ ಮೇಲೆ ಎಟುಕುವುದಿಲ್ಲ. ಹೀಗೆ ಹೇಳಿದರೆ ಒಂದು ಆವರ್ತಿಗೆ ಸುಮಾರು ಅರ್ಧ ಗಂಟೆ. ಮೊದಲ ಸಲ ಒಂದೇ ಸಾಕು. ನೆಲಕ್ಕೆ ಜಮಖಾನ, ಮಂಡಿನೋವಿನವರಿಗೆ ನಾಲ್ಕು ಕುರ್ಚಿ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರ ಯಜಮಾನರು ಹೋಗಿ ಬಹಳ ವರ್ಷವಾಯಿತು. ಸಹಸ್ರನಾಮ ಪೂರ್ತಿ ಬಾಯಿಗೆ ಬರುತ್ತದೆ. ಆ ಮೊದಲ ವರ್ಷ ನಾನು ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೊರಟಾಗ ಅವರು ಸುಮ್ನೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಯಾರೂ ಏನೂ ಅಂದಿರಲಿಲ್ಲ. ಅವರೇ ಎದ್ದು ಹೋದರು ಅನ್ನುವುದೇ ನನ್ನನ್ನು ಜಾಸ್ತಿ ಚುಚ್ಚಿತು. ಅಂದಿನಿಂದ ತಟ್ಟೆ ಹಿಡಿದು ಓಡಾಡುವುದನ್ನು ಬಿಟ್ಟೆ. ಭರಣಿ ದೇವರ ಮುಂದೆಯೇ ಇರುತ್ತದೆ, ಬೇಕಾದವರು ಇಟ್ಟುಕೊಳ್ಳುತ್ತಾರೆ. ಹೂವು, ಹಣ್ಣು, ತುಳಸಿ ಎಲ್ಲರ ಕೈಗೂ ಒಂದೇ ಥರ. ಈಗ ನಮ್ಮ ಮನೆಯಲ್ಲಿ ಮೊದಲ ಶ್ಲೋಕ ಎತ್ತಿಕೊಡುವುದು ಆ ಅಜ್ಜಿಯೇ.

ಉಳಿದವರಿಗೆ ವಾಟ್ಸಾಪ್‌ನಲ್ಲಿ ತಿಳಿಸಿದರೆ ಆಯಿತು. ಇಂಥವರು ಯಾರಾದರೂ ನಿಮ್ಮ ಬೀದಿಯಲ್ಲಿದ್ದರೆ ಮನೆಗೇ ಹೋಗಿ ಕರೆದು ಬನ್ನಿ.