ಎರಡನೇ ಕ್ಯಾಮೆರಾ ಬೇಡ

ಈ ತಿಂಗಳು ಬಂದ ಪತ್ರಗಳಲ್ಲಿ ತುಮಕೂರಿನ ಓದುಗರೊಬ್ಬರ ಪತ್ರಕ್ಕೆ ಉದ್ದವಾಗಿಯೇ ಉತ್ತರ ಬರೆಯಬೇಕು ಅನ್ನಿಸಿತು. ಅವರು ಕೇಳಿಕೊಂಡಂತೆ ಹೆಸರು ಹಾಕಿಲ್ಲ. ಪತ್ರದ ಸಾರ ಇಷ್ಟು:

"ನಾನು ಬ್ಯಾಂಕಿನಲ್ಲಿದ್ದೇನೆ. ಪ್ರಮೋಷನ್ ಸಿಕ್ಕಿದೆ, ಜೂನ್‌ನಲ್ಲಿ ಹುಬ್ಬಳ್ಳಿಗೆ ಹೋಗಬೇಕು. ನನ್ನ ಗಂಡನಿಗೆ ಇಲ್ಲೇ ಪ್ರಿಂಟಿಂಗ್ ಪ್ರೆಸ್ ಇದೆ. ವಯಸ್ಸಾದ ಅತ್ತೆ ಇದ್ದಾರೆ. ಮದುವೆಯಾದ ಮೇಲೆ ಮೊದಲ ಸಲ ಇಬ್ಬರೂ ಬೇರೆ ಬೇರೆ ಊರಲ್ಲಿರಬೇಕು. ಮನೆ ಅಟ್ಟದ ಸಾಮಾನು ಇಳಿಸುವಾಗ ಮಾವನವರ ಹಳೇ ಫಿಲ್ಮ್ ಕ್ಯಾಮೆರಾ, ಪೆಂಟಾಕ್ಸ್ ಕೆ1000, ಸಿಕ್ಕಿತು. ಸಂಕ್ರಾಂತಿಯಿಂದ ಭಾನುವಾರಗಳಲ್ಲಿ ಅದನ್ನು ಹಿಡಿದು ಇಬ್ಬರೂ ಹೊರಡುತ್ತಿದ್ದೇವೆ. ದೇವರಾಯನದುರ್ಗ, ಕೈದಾಳ, ಮಧುಗಿರಿ ಆಯಿತು. ಒಂದು ರೋಲಿಗೆ, ತೊಳೆಸುವುದು, ಸ್ಕ್ಯಾನ್ ಎಲ್ಲ ಸೇರಿ ಎರಡು ಸಾವಿರದ ಹತ್ತಿರ ಖರ್ಚು. 'ಮನೆ ಹೀಗಿರುವಾಗ ಇದೇನು ಮಕ್ಕಳಾಟ' ಅಂತ ನಾದಿನಿ ಬೈದರು. ನನಗೂ ಅನುಮಾನ. ಮಾತಾಡಬೇಕಾದ್ದನ್ನು ಬಿಟ್ಟು ಸುಮ್ನೆ ಓಡಿ ಹೋಗುತ್ತಿದ್ದೇವಾ? ನಾನು ಹೋದ ಮೇಲೆ ಇದು ನಿಲ್ಲಬಾರದು ಅಂತ ಇವರು ನನಗೆ ಇನ್ನೊಂದು ಕ್ಯಾಮೆರಾ ಕೊಡಿಸುತ್ತಾರಂತೆ. ಏನು ಹೇಳುತ್ತೀರಿ?"

ಎರಡನೇ ಕ್ಯಾಮೆರಾ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆ ಅನ್ನುವುದು ಆಮೇಲೆ.

ನಿಮ್ಮ ಅನುಮಾನದ ಮಾತು ಮೊದಲು. ವರ್ಗಾವಣೆ ಆದೇಶ ಬಂದ ಮನೆ ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ಬೆಳಿಗ್ಗೆ ಎದ್ದರೆ ಪಿ.ಜಿ. ನೋಡಬೇಕಾ ಬಾಡಿಗೆ ಮನೆ ನೋಡಬೇಕಾ ಅನ್ನುವ ಮಾತು. ಮಧ್ಯಾಹ್ನ ಅತ್ತೆಯ ಮಾತ್ರೆ ಯಾರು ನೋಡಿಕೊಳ್ಳುತ್ತಾರೆ ಅನ್ನುವ ಮಾತು. ರಾತ್ರಿ ಸಾಲದ ಕಂತು. ಗಂಡ ಹೆಂಡತಿ ಆಡುವ ಒಂದೊಂದು ಮಾತೂ ತೀರ್ಮಾನವಾಗಿಬಿಡುತ್ತದೆ, ಒಂದೊಂದು ತೀರ್ಮಾನದಲ್ಲೂ ಯಾರೋ ಒಬ್ಬರಿಗೆ ಏನೋ ಕಳೆದುಹೋಗುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡುವುದನ್ನೇ ಬಿಟ್ಟು ಪಟ್ಟಿ ನೋಡುತ್ತಿರುತ್ತಾರೆ.

ಅಂಥ ಹೊತ್ತಿನಲ್ಲಿ "ಈ ಬಂಡೆಯ ಫೋಟೋ ಇಲ್ಲಿಂದ ತೆಗೆಯೋಣವಾ, ಆ ಕಡೆಯಿಂದಲಾ" ಅಂತ ಇಬ್ಬರು ನಿಂತು ಯೋಚಿಸುತ್ತಾರೆ ಅಂದರೆ ಅದು ನನಗೆ ದೊಡ್ಡ ವಿಷಯ. ಅದೂ ಒಂದು ತೀರ್ಮಾನವೇ. ಆದರೆ ತಪ್ಪಾದರೆ ಯಾರಿಗೂ ನೋವಿಲ್ಲ. ಇಬ್ಬರೂ ಸೇರಿ ಒಂದು ವಿಷಯ ನಿರ್ಧರಿಸಿ, ಅದರಿಂದ ಖುಷಿಪಡುವ ಅಭ್ಯಾಸ ಈ ಜನವರಿಯಿಂದ ನಿಮ್ಮ ಮನೆಯಲ್ಲಿ ಉಳಿದಿದೆ. ಇದು ಓಡಿಹೋಗುವುದು ಹೇಗಾಗುತ್ತದೆ? ನಿಮ್ಮ ಪತ್ರದ ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ: ಅತ್ತೆಯ ಜೊತೆ ರಾತ್ರಿ ಇರಲು ಒಬ್ಬರನ್ನು ಗೊತ್ತು ಮಾಡುವ ವಿಷಯ ಮನೆಯಲ್ಲಿ ಮೂರು ಸಲ ಜಗಳವಾಗಿ, ಕೊನೆಗೆ ಮಧುಗಿರಿ ಕೋಟೆಯ ಮೆಟ್ಟಿಲ ಮೇಲೆ ಮೋಡ ಸರಿಯಲಿ ಅಂತ ಕಾಯುತ್ತಿದ್ದಾಗ ಐದು ನಿಮಿಷದಲ್ಲಿ ಇತ್ಯರ್ಥವಾಯಿತು ಅಂತ. ಎದುರಾಬದುರು ಕೂತಾಗ ಆಡಲಾಗದ ಮಾತು ಪಕ್ಕಪಕ್ಕ ಕೂತು ಬೇರೆ ಏನನ್ನೋ ನೋಡುವಾಗ ಬಂದುಬಿಡುತ್ತದೆ. ನಾದಿನಿ ಮತ್ತೆ ಕೇಳಿದರೆ ಈ ಮಾತು ಹೇಳಿ.

ಖರ್ಚಿನ ಬಗ್ಗೆ. ಎರಡು ಸಾವಿರವನ್ನು ರೋಲಿನ 36 ಫ್ರೇಮಿಗೆ, ಅಂದರೆ 36 ಫೋಟೋಗೆ ಭಾಗಿಸಿ, ಒಂದಕ್ಕೆ 55 ರೂಪಾಯಿ ಚಿಲ್ಲರೆ. ಜಾಸ್ತಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಆ 55 ರೂಪಾಯಿಯೇ ನಿಮ್ಮನ್ನು ಮಾತಾಡಿಸುತ್ತಿರುವುದು. ಮೊಬೈಲಿನಲ್ಲಾದರೆ ನೀವು ಇಪ್ಪತ್ತು ತೆಗೆಯುತ್ತೀರಿ, ಅವರು ಇಪ್ಪತ್ತು ತೆಗೆಯುತ್ತಾರೆ, ಒಬ್ಬರದ್ದು ಇನ್ನೊಬ್ಬರು ನೋಡುವುದೂ ಇಲ್ಲ. ಇಲ್ಲಿ ಒತ್ತುವ ಮುಂಚೆ "ಬೇಕಾ?" ಅಂತ ಕೇಳಲೇಬೇಕು. ಆದ್ದರಿಂದ ತಿಂಗಳಿಗೆ ಒಂದೇ ರೋಲು ಅಂತ ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಆದರೆ ಹಣದ ಜೊತೆ ಈ ಗುಣವೂ ಹೋಗುತ್ತದೆ.

ಹಿಂದೆ ನಮ್ಮ ಊರುಗಳಲ್ಲಿ ಈ ಲೆಕ್ಕ ಎಲ್ಲರಿಗೂ ಬರುತ್ತಿತ್ತು. ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ಒಂದು ರೋಲಿಗೆ ಬರೀ 12 ಚಿತ್ರ. ಧರ್ಮಸ್ಥಳಕ್ಕೆ ಹೋಗಿಬಂದರೂ ಅಷ್ಟೇ, ನಾಮಕರಣ ಮಾಡಿದರೂ ಅಷ್ಟೇ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಕಪ್ಪುಬಿಳುಪು ಫಿಲ್ಮು ಆಗ ಸ್ಟುಡಿಯೋಗಳಲ್ಲಿ ಸಿಗುತ್ತಿತ್ತು. ಈಗ ಆ ಕಾರ್ಖಾನೆಯೂ ಇಲ್ಲ. ಆ ಕಾಲ ಮತ್ತೆ ಬರಲಿ ಅಂತ ನನಗೇನೂ ಆಸೆ ಇಲ್ಲ. ನೀವು ಹೊಡೆಯುತ್ತಿರುವುದು ಈ ವರ್ಷದ ಫೋಟೋ, ಅದೇ ನನಗೆ ಇಷ್ಟ.

ನಿಮ್ಮ ಕೆ1000 ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಇಬ್ಬರು ಸೇರಿ ಬಳಸಲು ಇದಕ್ಕಿಂತ ಒಳ್ಳೆಯ ಕ್ಯಾಮೆರಾ ಸಿಗುವುದು ಕಷ್ಟ. 1976ರಿಂದ 1997ರವರೆಗೆ ತಯಾರಾಯಿತು. ಬೆಳಕನ್ನು ಒಳಗೆ ಬಿಡುವ ಪರದೆ, ಅಂದರೆ ಷಟರ್, ಪೂರ್ತಿ ಯಂತ್ರದ್ದು, ಒಂದು ಸೆಕೆಂಡಿನಿಂದ ಸೆಕೆಂಡಿನ 1000ನೇ ಒಂದು ಭಾಗದವರೆಗೆ ಬ್ಯಾಟರಿ ಇಲ್ಲದೆಯೇ ನಡೆಯುತ್ತದೆ. ಬ್ಯಾಟರಿ ಬೇಕಾಗಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಆ ಮೀಟರನ್ನು ಆರಿಸುವ ಸ್ವಿಚ್ಚೇ ಇದರಲ್ಲಿಲ್ಲ. ಲೆನ್ಸಿಗೆ ಕ್ಯಾಪ್ ಹಾಕಿದರೆ ಮಾತ್ರ ಸುಮ್ಮನಾಗುತ್ತದೆ. ಬ್ಯಾಟರಿ ಬೇಗ ಮುಗಿಯುತ್ತದೆ ಅಂತ ಬರೆದಿದ್ದಿರಲ್ಲ, ಕಾರಣ ಇದೇ ಇರಬೇಕು. ಕ್ಯಾಪ್ ಹಾಕುವ ಕೆಲಸವನ್ನು ಒಬ್ಬರಿಗೆ ವಹಿಸಿಬಿಡಿ.

ಮಧುಗಿರಿಯ ಫೋಟೋಗಳಲ್ಲಿ ನಿಮ್ಮ ಮುಖ ಕಪ್ಪಾಗಿದೆ, ಹಿಂದಿನ ಆಕಾಶ ಮಾತ್ರ ಚೆನ್ನಾಗಿದೆ ಅಂದಿರಿ. ಅದು ಇಡೀ ಒಂದೇ ಬಂಡೆಯ ಬೆಟ್ಟ. ಮೇಲೆ ತೆರೆದ ಆಕಾಶ, ಕೆಳಗೆ ಬಿಸಿಲು ಬಿದ್ದ ಕಲ್ಲು. ಮೀಟರಿಗೆ ತನ್ನ ಮುಂದಿರುವುದೆಲ್ಲ ಸರಾಸರಿ ಬೂದು ಬಣ್ಣ ಅನ್ನುವ ನಂಬಿಕೆ. ಚೌಕಟ್ಟಿನ ತುಂಬ ಆಕಾಶವಿದ್ದರೆ ಬೆಳಕು ಜಾಸ್ತಿ ಆಯಿತು ಅಂದುಕೊಂಡು ಕಡಿಮೆ ಮಾಡಲು ಹೇಳುತ್ತದೆ. ಮುಖ ಕಪ್ಪಾಗುವುದು ಆಗಲೇ. ಇದಕ್ಕೆ ಇಬ್ಬರಿದ್ದರೆ ಬಹಳ ಸುಲಭದ ಉಪಾಯವಿದೆ. ಫೋಟೋದಲ್ಲಿ ಇರುವವರು, ಮುಖಕ್ಕೆ ಬೀಳುವ ಬೆಳಕೇ ಬೀಳುವಂತೆ ಅಂಗೈ ಚಾಚಬೇಕು. ತೆಗೆಯುವವರು ಹತ್ತಿರ ಬಂದು ಆ ಅಂಗೈ ಮೇಲೆ ಮೀಟರ್ ಅಳೆಯಬೇಕು. ಅಂಗೈ ಸರಾಸರಿ ಬೂದಿಗಿಂತ ತುಸು ಬಿಳುಪು. ಅದಕ್ಕೆ ಮೀಟರಿನ ಮುಳ್ಳು ತೋರಿಸಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು (ಅಂದರೆ ಅದರ ಎರಡರಷ್ಟು) ಬೆಳಕು ಕೊಟ್ಟು, ಹಿಂದೆ ಹೋಗಿ ಒತ್ತಬೇಕು. ಕಲರ್ ನೆಗೆಟಿವ್ ಫಿಲ್ಮು ಬೆಳಕು ಸ್ವಲ್ಪ ಜಾಸ್ತಿಯಾದರೆ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ತಡೆಯುವುದಿಲ್ಲ. ಅನುಮಾನ ಬಂದಾಗ ಬೆಳಕಿನ ಕಡೆಗೇ ವಾಲಿ.

ಮೀಟರ್ ಕೈಕೊಟ್ಟ ದಿನವೂ ಹೆದರಬೇಡಿ. ನೆತ್ತಿಯ ಮೇಲೆ ಒಳ್ಳೇ ಬಿಸಿಲಿದ್ದರೆ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 16, ಷಟರ್ ವೇಗ ಫಿಲ್ಮಿನ ಐಎಸ್‌ಒ (ಬೆಳಕು ಹಿಡಿಯುವ ಶಕ್ತಿ) ಸಂಖ್ಯೆಗೆ ಹತ್ತಿರದ್ದು. 200ರ ಫಿಲ್ಮಿಗೆ ಸೆಕೆಂಡಿನ 250ನೇ ಒಂದು ಭಾಗ, 400ರದ್ದಕ್ಕೆ 500ನೇ ಒಂದು ಭಾಗ. ಮೋಡ ಕವಿದರೆ ಎಫ್ 8. ತಿಪಟೂರಿನ ಕಡೆ ತೆಂಗಿನ ತೋಟಕ್ಕೆ ಹೋಗುತ್ತೇವೆ ಅಂದಿದ್ದೀರಿ. ಅಲ್ಲಿ ನೆಲದ ಮೇಲೆ ಬಿಸಿಲು ನೆರಳು ಚೂರುಚೂರಾಗಿ ಬಿದ್ದಿರುತ್ತದೆ. ನೆರಳಿಗೆ ಅಳೆದರೆ ಸಾಕು.

ಕೈದಾಳದ ಚೆನ್ನಕೇಶವನ ಗುಡಿ 1150ರ ಸುಮಾರಿನದು. ಒಳಗೆ ಬೆಳಕು ಬಹಳ ಕಡಿಮೆ. ಒಳಗಿನ ಫೋಟೋ ಎಲ್ಲ ಅಲುಗಾಡಿದ್ದು ಅದಕ್ಕೇ. ಗರ್ಭಗುಡಿ ಬಿಟ್ಟುಬಿಡಿ. ಅದು ಕೈ ಮುಗಿಯುವ ಜಾಗ, ಅಲ್ಲಿ ಅರ್ಚಕರನ್ನು ಕೇಳದೆ ಕ್ಯಾಮೆರಾ ತೆಗೆಯಬಾರದು. ಹೊರಗಿನ ಕಂಬಗಳಿಗೆ ಬೆಳಗಿನ ಬೆಳಕು ಅಡ್ಡ ಬಿದ್ದಾಗ ಒಮ್ಮೆ ಹೋಗಿ ನೋಡಿ.

ಶಿರಾ ತಾಲ್ಲೂಕಿನ ಕಗ್ಗಲಡು ನಿಮ್ಮ ಪಟ್ಟಿಯಲ್ಲಿದೆ. ಜೂನ್‌ಗೆ ಮುಂಚೆ ಖಂಡಿತ ಹೋಗಿ. ವರ್ಷದ ಮೊದಲ ತಿಂಗಳುಗಳಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಿಗೇ ಬಂದು ಗೂಡು ಕಟ್ಟುತ್ತವೆ. ಊರಿನವರು ಅವನ್ನು ಮನೆ ಮಕ್ಕಳಂತೆ ಕಾಯುತ್ತಾರೆ. ನಿಮ್ಮ 50 ಎಂಎಂ ಲೆನ್ಸಿಗೆ ಹಕ್ಕಿ ದೊಡ್ಡದಾಗಿ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಮರ, ಅದರ ಕೆಳಗಿನ ಮನೆ, ಅಂಗಳದಲ್ಲಿ ಕೂತವರು, ತಲೆ ಮೇಲೆ ಕೊಕ್ಕರೆ, ಇಷ್ಟೂ ಒಂದೇ ಚೌಕಟ್ಟಿಗೆ ಸಿಗುವುದು ಇಂಥ ಸಾಧಾರಣ ಲೆನ್ಸಿಗೇ. ಮೈದನಹಳ್ಳಿಯ ಕೃಷ್ಣಮೃಗಗಳಿಗೆ ಮಾತ್ರ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಅಲ್ಲಿ ಕಣ್ಣಾರೆ ನೋಡಿ ಬನ್ನಿ.

ಪಟ್ಟಿ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. "ಹೋಗುವ ಮುಂಚೆ ತೆಗೆಯಲೇಬೇಕಾದ ಜಾಗಗಳು" ಅಂತ ಹದಿನೈದು ಹೆಸರು ಬರೆದಿದ್ದೀರಿ. ದಯವಿಟ್ಟು ಅದನ್ನು ಹರಿದುಹಾಕಿ. ನೀವು ತುಮಕೂರು ಬಿಟ್ಟು ಹೋಗುತ್ತಿಲ್ಲ, ಕೆಲಸಕ್ಕೆ ಹೋಗಿಬರುತ್ತಿದ್ದೀರಿ. ಪ್ರತಿ ಫೋಟೋವನ್ನೂ ಕೊನೆಯದು ಅಂದುಕೊಂಡು ತೆಗೆದರೆ ಇಬ್ಬರ ಕಣ್ಣೂ ಒದ್ದೆಯಾಗುತ್ತದೆ, ಫೋಟೋವೂ ಚೆನ್ನಾಗಿರುವುದಿಲ್ಲ. ಇರುವ ಭಾನುವಾರಗಳಲ್ಲಿ ಮನಸ್ಸು ಬಂದ ಕಡೆ ಹೋಗಿ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ವಾಪಸ್ ಬಂದರೂ ಸರಿಯೇ.

ಈಗ ಎರಡನೇ ಕ್ಯಾಮೆರಾದ ವಿಷಯ. ನಿಮ್ಮ ಯಜಮಾನರು ಅದನ್ನು ಎಂಥ ಪ್ರೀತಿಯಿಂದ ಹೇಳಿರುತ್ತಾರೆ ಅಂತ ನನಗೆ ಅರ್ಥವಾಗುತ್ತದೆ. ಆದರೆ ಎರಡು ಕ್ಯಾಮೆರಾ ಅಂದರೆ ಎರಡು ರೋಲು, ಎರಡು ಲೆಕ್ಕ. ಅವರದ್ದು ಅವರಿಗೆ, ನಿಮ್ಮದು ನಿಮಗೆ. ಇಷ್ಟು ದಿನ ನಿಮ್ಮನ್ನು ಹಿಡಿದಿಟ್ಟಿದ್ದು ಒಂದೇ ರೋಲನ್ನು ಇಬ್ಬರು ಹಂಚಿಕೊಂಡಿದ್ದು. ಅದನ್ನು ಊರು ಬೇರೆಯಾದ ಮಾತ್ರಕ್ಕೆ ಯಾಕೆ ಬಿಡುತ್ತೀರಿ?

ತುಮಕೂರು, ಹುಬ್ಬಳ್ಳಿ ಎರಡೂ ಒಂದೇ ರೈಲು ಮಾರ್ಗದಲ್ಲಿವೆ. ಯಾರಾದರೊಬ್ಬರು ಆಗಾಗ ಹೋಗಿ ಬರುತ್ತಲೇ ಇರುತ್ತೀರಿ. ಹೋದವರ ಜೊತೆ ಕ್ಯಾಮೆರಾ ಹೋಗಲಿ. ರೋಲು ಒಳಗೇ ಇರಲಿ, ಹಿಂದಿನ ಬಾಗಿಲು ತೆರೆಯಬೇಡಿ. ಮೇಲೆ ಎಷ್ಟು ಫ್ರೇಮ್ ಆಗಿದೆ ಅಂತ ತೋರಿಸುವ ಸಂಖ್ಯೆ ಇದೆಯಲ್ಲ, ಅವರು 12ಕ್ಕೆ ನಿಲ್ಲಿಸಿ ಕೊಟ್ಟರೆ ನೀವು 13ರಿಂದ ಶುರು ಮಾಡಿ. ಅವರು ಪ್ರೆಸ್ಸಿನಲ್ಲಿ, ಅಮಾನಿಕೆರೆ ಏರಿಯ ಮೇಲೆ ಏನು ತೆಗೆದರು ಅಂತ ನಿಮಗೆ ಗೊತ್ತಿರುವುದಿಲ್ಲ. ನೀವು ಉಣಕಲ್ ಕೆರೆಯಲ್ಲಿ, ದುರ್ಗದಬೈಲಿನ ಸಂತೆ ಗದ್ದಲದಲ್ಲಿ ಏನು ತೆಗೆದಿರಿ ಅಂತ ಅವರಿಗೆ ಗೊತ್ತಿರುವುದಿಲ್ಲ. ಫೋನಿನಲ್ಲಿ ಕೇಳಿದರೂ ಹೇಳಬೇಡಿ. ತೊಳೆಸಿ ಬಂದ ದಿನ ಒಂದೇ ನೆಗೆಟಿವ್ ಪಟ್ಟಿಯಲ್ಲಿ ಎರಡೂ ಊರು ಅಕ್ಕಪಕ್ಕ ಇರುತ್ತವೆ. ಕ್ಯಾಮೆರಾ ಕೈಯಲ್ಲಿಲ್ಲದ ವಾರಗಳೂ ಬರುತ್ತವೆ, ಬರಲಿ. ಆ ವಾರ ಬರೀ ನೋಡುತ್ತಾ ಓಡಾಡಿ.

ಒಂದು ಎಚ್ಚರಿಕೆ. ಕ್ಯಾಮೆರಾವನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಬಿಸಿಗೆ ಫಿಲ್ಮಿನ ಬಣ್ಣ ಕೆಡುತ್ತದೆ. ಬಳಸದ ರೋಲುಗಳನ್ನು ಫ್ರಿಜ್ಜಿನಲ್ಲಿಡಿ. ಹಾಕುವ ಕೆಲವು ಗಂಟೆ ಮುಂಚೆ ಹೊರಗಿಟ್ಟು ಆಮೇಲೆ ಡಬ್ಬಿ ತೆರೆಯಿರಿ, ಇಲ್ಲದಿದ್ದರೆ ಒಳಗೆ ತೇವ ಕೂರುತ್ತದೆ. ಹೊಸ ರೋಲು ಹಾಕಿ, ಫಿಲ್ಮು ಮುಂದೆ ಸರಿಸುವ ಲಿವರ್ ಎಳೆಯುವಾಗ ಎಡಗಡೆಯ ರಿವೈಂಡ್ ಗುಂಡಿಯೂ ತಿರುಗುತ್ತಿದೆಯಾ ನೋಡಿ. ಅದು ತಿರುಗದಿದ್ದರೆ ಫಿಲ್ಮು ಸಿಕ್ಕಿಕೊಂಡಿಲ್ಲ, ಇಡೀ ರೋಲಿನ ಫೋಟೋ ಒಂದೂ ಬಂದಿರುವುದಿಲ್ಲ.

ಮನೆಯಲ್ಲೇ ತೊಳೆಯಬಹುದಾ ಅಂತ ಕೊನೆಗೆ ಕೇಳಿದ್ದೀರಿ. ಕಪ್ಪುಬಿಳುಪಾದರೆ ಖಂಡಿತ. ಇಲ್ಫೋರ್ಡ್ ಎಚ್‌ಪಿ5 ಫಿಲ್ಮು ತರಿಸಿ. ಕಲರ್ ಫಿಲ್ಮಿನ ಸಿ-41 ವಿಧಾನಕ್ಕೆ 38 ಡಿಗ್ರಿಯ ಹತ್ತಿರ ಬಿಸಿಯನ್ನು ಬಹಳ ಕರಾರುವಾಕ್ಕಾಗಿ ಹಿಡಿಯಬೇಕು, ಅದನ್ನು ಬೆಂಗಳೂರಿನ ಲ್ಯಾಬಿಗೇ ಬಿಡಿ. ಕಪ್ಪುಬಿಳುಪಿಗೆ ಸಾಮಾನ್ಯವಾಗಿ 20 ಡಿಗ್ರಿ. ನಮ್ಮ ಏಪ್ರಿಲ್ ತಿಂಗಳ ನಲ್ಲಿ ನೀರು ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ. ಬಕೆಟ್ಟಿಗೆ ಐಸ್ ಹಾಕಿ ಅದರಲ್ಲಿ ಡೆವಲಪರ್ (ಫಿಲ್ಮು ತೊಳೆಯುವ ದ್ರಾವಣ) ಬಾಟಲಿ ಇಡಿ, ಥರ್ಮಾಮೀಟರ್ ನೋಡುತ್ತಿರಿ. ಫಿಲ್ಮನ್ನು ಟ್ಯಾಂಕಿನ (ಬೆಳಕು ನುಗ್ಗದಂತೆ ಮುಚ್ಚುವ, ಫಿಲ್ಮು ತೊಳೆಯುವ ಡಬ್ಬಿಯ) ಸುರುಳಿಗೆ ಸುತ್ತುವಾಗ ಪೂರ್ತಿ ಕತ್ತಲೆ ಬೇಕು. ಕೆಂಪು ದೀಪವೂ ಇರಬಾರದು, ಈ ಫಿಲ್ಮಿಗೆ ಕೆಂಪೂ ಕಾಣುತ್ತದೆ. ರಾತ್ರಿ ಬಚ್ಚಲುಮನೆಯ ಬಾಗಿಲ ಸಂದಿಗೆ ಟವೆಲ್ ತುರುಕಿ ಮಾಡಿ. ಟ್ಯಾಂಕ್ ಮುಚ್ಚಿದ ಮೇಲೆ ಲೈಟು ಹಾಕಬಹುದು. ಒಬ್ಬರು ಟ್ಯಾಂಕ್ ತಿರುಗಿಸಲಿ, ಒಬ್ಬರು ಗಡಿಯಾರ ನೋಡಲಿ. ಮೊದಲ ರೋಲನ್ನು ಜೂನ್‌ಗೆ ಮುಂಚೆಯೇ, ಇಬ್ಬರೂ ಮನೆಯಲ್ಲಿರುವಾಗ ತೊಳೆಯಿರಿ.

ಆಮೇಲೆ, ದೀಪಾವಳಿಗೆ ಊರಿಗೆ ಬರುತ್ತೇನೆ ಅಂದಿದ್ದೀರಿ. ಆಗ ಗೂಳೂರು ಊರಿನ ದೊಡ್ಡ ಮಣ್ಣಿನ ಗಣಪ ಕೂತಿರುತ್ತಾನೆ, ನಿಮ್ಮ ಮನೆಯಿಂದ ದೂರವೇನಲ್ಲ. ಅದಕ್ಕೆ ಅಂತ ಆ ರೋಲಿನಲ್ಲಿ ಕೊನೆಯ ಹತ್ತು ಫ್ರೇಮ್ ಉಳಿಸಿಕೊಳ್ಳಿ. ಸಂಜೆ ದೀಪದ ಬೆಳಕಿನಲ್ಲಿ ತೆಗೆಯಬೇಕಾಗುತ್ತದೆ, 200ರ ಫಿಲ್ಮು ಸಾಲದು. ಅಕ್ಟೋಬರ್‌ನಲ್ಲಿ ರೋಲು ಬದಲಿಸುವವರು ಯಾರೇ ಆಗಲಿ, 400ರದ್ದೇ ಹಾಕಲಿ.