ಚಿಕ್ಕ ಸಂಸ್ಥೆಗೆ ನೀತಿ ಸಂಹಿತೆ ಬರೆಯುವುದು ಹೇಗೆ? ಬೇರೆಯವರದ್ದನ್ನೇ ಬಳಸಿಕೊಂಡರೆ ನಡೆಯುತ್ತದಾ?

ನಿಮ್ಮದು ಸಿಂಧನೂರಿನ ಸಂಸ್ಥೆ, ಎಂಟು ಜನ ಸಿಬ್ಬಂದಿ. ಹಳ್ಳಿ ಮಕ್ಕಳ ಓದು ಮತ್ತು ಮಾಜಿ ದೇವದಾಸಿ ಮಹಿಳೆಯರ ಜೊತೆ ಕೆಲಸ. ಕಂಪನಿಯೊಂದು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೊಡುವ ಮುಂಚೆ ನೀತಿ ಸಂಹಿತೆ ಕೇಳಿದೆ. ಬೇರೆ ಸಂಸ್ಥೆಯದ್ದರಲ್ಲಿ ಹೆಸರು ಬದಲಿಸಿ ಕೊಡಬಹುದಾ ಅಂತ ಕೇಳಿದ್ದೀರಿ. ಕೊಟ್ಟರೆ ಕಂಪನಿಯವರು ಬಹುಶಃ ಒಪ್ಪುತ್ತಾರೆ. ಆದರೂ ದಯವಿಟ್ಟು ಹಾಗೆ ಮಾಡಬೇಡಿ.

ನಾನು ಕೊಪ್ಪಳ ಜಿಲ್ಲೆಯಲ್ಲಿ ಇಂಥದ್ದೇ ಸಂಸ್ಥೆಯಲ್ಲಿದ್ದೇನೆ. ಡೌನ್‌ಲೋಡ್ ಮಾಡಿದ ಸಂಹಿತೆಯಲ್ಲಿ ಪ್ರಾಮಾಣಿಕತೆ, ಪಾರದರ್ಶಕತೆ, ಬದ್ಧತೆ ಎಲ್ಲಾ ಇರುತ್ತದೆ. ಆದರೆ ಸಹಾಯ ಪಡೆದ ಮನೆಯವರು ನಿಮ್ಮ ಕಾರ್ಯಕರ್ತೆಯ ಗಾಡಿಗೆ ಅಕ್ಕಿ ಚೀಲ ಕಟ್ಟಲು ಬಂದಾಗ ಅವಳು ಏನು ಹೇಳಬೇಕು ಅನ್ನುವುದು ಅದರಲ್ಲಿ ಇರುವುದಿಲ್ಲ. ಊಟಕ್ಕೆ ಕೂರಬಹುದಾ? ಹಬ್ಬದ ಹೋಳಿಗೆ ತಗೊಳ್ಳಬಹುದಾ? ನಮ್ಮ ಕಡೆ ಊಟ ಬೇಡ ಅಂದರೆ ಮನಸ್ಸಿಗೆ ನೋವಾಗುತ್ತದೆ. ನಾವು ಬರೆದುಕೊಂಡಿದ್ದು ಇಷ್ಟೇ: ಚಹಾ, ಊಟ ಸರಿ, ದುಡ್ಡು ಮತ್ತು ಮನೆಗೆ ಒಯ್ಯುವ ವಸ್ತು ಬೇಡ.

ಹಾಗಾಗಿ ಒಂದು ದಿನ ಎಲ್ಲರನ್ನೂ ಕೂರಿಸಿ. ಡ್ರೈವರ್, ಅಡುಗೆಯವರು, ಸಂಜೆ ಪಾಠ ಹೇಳುವ ಹುಡುಗಿಯರು, ಎಲ್ಲರೂ ಇರಲಿ. ಮೊದಲ ಅರ್ಧ ದಿನ ಕಾರ್ಯದರ್ಶಿ, ಅಧ್ಯಕ್ಷರು ಹೊರಗಿರಲಿ. ಅವರ ಎದುರು ಸಿಬ್ಬಂದಿ ಮಾತಾಡುವುದಿಲ್ಲ, ಇದು ನಿಮಗೂ ಗೊತ್ತಿರುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ಕೆಲಸದಲ್ಲಿ ಯಾವಾಗ ಏನು ಮಾಡಬೇಕು ಅಂತ ತಿಳಿಯದೆ ನಿಂತಿರಿ? ಬಂದ ಉತ್ತರಗಳೇ ನಿಮ್ಮ ಸಂಹಿತೆಯ ಕಚ್ಚಾ ಪ್ರತಿ.

ನಿಮ್ಮ ಕೆಲಸಕ್ಕೆ ಎಲ್ಲಕ್ಕಿಂತ ಮುಖ್ಯ ಫೋಟೋ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ದೇವರಿಗೆ ಬಿಡುವುದನ್ನು 1982ರ ಕಾಯ್ದೆಯೇ ನಿಷೇಧಿಸಿತು. ಆದರೆ ಆ ಹೆಸರಿನ ಭಾರವನ್ನು ಮಹಿಳೆಯರು, ಅವರ ಮಕ್ಕಳು ಇವತ್ತಿಗೂ ಹೊರುತ್ತಿದ್ದಾರೆ. ಹೊಲಿಗೆ ಯಂತ್ರ ಕೊಟ್ಟ ದಿನ ಫೇಸ್‌ಬುಕ್‌ನಲ್ಲಿ ಮುಖ ತೋರಿಸಿ, ಕೆಳಗೆ ‘ಮಾಜಿ ದೇವದಾಸಿ’ ಅಂತ ಬರೆದರೆ, ಬಳ್ಳಾರಿಯಲ್ಲಿ ಕಾಲೇಜು ಓದುತ್ತಿರುವ ಅವಳ ಮಗಳ ಗೆಳತಿಯರೂ ಅದನ್ನು ನೋಡುತ್ತಾರೆ. ‘ಸಹಿ ಹಾಕಿಸಿಕೊಂಡಿದ್ದೇವೆ’ ಅನ್ನುವುದು ಉತ್ತರ ಅಲ್ಲ. ಯಂತ್ರ ಕೊಡುವ ಕೈಯೇ ಸಹಿ ಕೇಳಿದರೆ ಯಾರು ತಾನೇ ಬೇಡ ಅನ್ನುತ್ತಾರೆ? ಒಪ್ಪಿಗೆಯನ್ನು ಬೇರೆ ದಿನ, ಬೇರೆಯವರು ಕೇಳಲಿ. ಫೋಟೋ ಎಲ್ಲಿ ಹೋಗುತ್ತದೆ ಅಂತ ಮೊಬೈಲಿನಲ್ಲೇ ತೋರಿಸಿ, ಅವರ ಮನೆಮಾತಿನಲ್ಲಿ ಹೇಳಲಿ. ಬೇಡ ಅಂದರೂ ಸವಲತ್ತು ನಿಲ್ಲುವುದಿಲ್ಲ, ಮುಂದೆ ಮನಸ್ಸು ಬದಲಾದರೆ ಹಾಕಿದ ಫೋಟೋ ಅಳಿಸುತ್ತೇವೆ ಅಂತ ಸಂಹಿತೆಯಲ್ಲೇ ಬರೆಯಿರಿ. ಮಕ್ಕಳ ವಿಷಯದಲ್ಲಿ ಕಾನೂನೇ ಗಟ್ಟಿ ಇದೆ. 2012ರ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ) ಕಾಯ್ದೆ, 2015ರ ಬಾಲನ್ಯಾಯ ಕಾಯ್ದೆ ಎರಡೂ ತಮ್ಮ ಅಡಿ ಬರುವ ಪ್ರಕರಣಗಳ ಮಕ್ಕಳ ಗುರುತು ಹೊರಬೀಳದಂತೆ ತಡೆಯುತ್ತವೆ. ಹೆಸರು, ಮುಖ ಮಾತ್ರ ಅಲ್ಲ, ಶಾಲೆ ಮತ್ತು ಮನೆ ವಿಳಾಸವೂ ಹೊರಗೆ ಹೋಗಬಾರದು.

ದುಡ್ಡಿನ ವಿಷಯಕ್ಕೆ ಬಂದರೆ, ತಾಲ್ಲೂಕು ಊರಲ್ಲಿ ಎಲ್ಲರೂ ಒಂದಲ್ಲ ಒಂದು ರೀತಿ ನೆಂಟರೇ. ‘ಸಂಬಂಧಿಕರಿಂದ ಏನೂ ಖರೀದಿ ಮಾಡುವುದಿಲ್ಲ’ ಅಂತ ಬರೆದರೆ ಅದು ಪಾಲನೆ ಆಗುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: ನೆಂಟಸ್ತನ ಇದ್ದರೆ ಮೊದಲೇ ಹೇಳಬೇಕು, ನಿರ್ಧಾರದ ಹೊತ್ತಿಗೆ ಆ ಸದಸ್ಯರು ಸಭೆಯಿಂದ ಎದ್ದು ಹೋಗಬೇಕು, ಮೂರು ಕೊಟೇಶನ್ ಇರಬೇಕು, ಇದೆಲ್ಲ ಠರಾವು ಪುಸ್ತಕದಲ್ಲಿ ಬರಬೇಕು. ಸಂಸ್ಥೆಯ ಹಣದಿಂದ ಪದಾಧಿಕಾರಿಗಳಿಗೋ ಅವರ ಮನೆಯವರಿಗೋ ಲಾಭ ಆದರೆ ಆದಾಯ ತೆರಿಗೆ ವಿನಾಯಿತಿಗೇ ಕುತ್ತು ಬರಬಹುದು. ದೇಣಿಗೆಗೆ ರಸೀದಿ ಕಡ್ಡಾಯ ಮಾಡಿ. 2000 ರೂಪಾಯಿ ಮೀರಿದ ನಗದು ದೇಣಿಗೆಗೆ ದಾನಿಗೆ ಆದಾಯ ತೆರಿಗೆ ರಿಯಾಯಿತಿ ಇಲ್ಲ, ಅದನ್ನೂ ಮುಂಚೆಯೇ ತಿಳಿಸಿ.

ಇನ್ನು ಹಣ ಕೊಡುವ ಕಂಪನಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅಂದರೆ ಅವರು ಕಾನೂನು ಪಾಲಿಸುತ್ತಿದ್ದಾರೆ, ನೀವು ಕೈ ಕಟ್ಟಿ ನಿಲ್ಲಬೇಕಾಗಿಲ್ಲ. ಸಂಡೂರು, ಹೊಸಪೇಟೆ, ಕೊಪ್ಪಳದ ಕಡೆ ಗಣಿ, ಕಾರ್ಖಾನೆ ಧೂಳಿನ ಬಗ್ಗೆ ಹಳ್ಳಿಯವರು ದೂರುತ್ತಾರೆ. ಅದೇ ಹಳ್ಳಿಯಲ್ಲಿ ಅದೇ ಕಂಪನಿ ದುಡ್ಡಲ್ಲಿ ಕೆಲಸ ಮಾಡುವಾಗ ನೀವು ಬಾಯಿ ಮುಚ್ಚಿಕೊಳ್ಳುತ್ತೀರಾ? ಇದನ್ನು ಹಣ ಬರುವ ಮುಂಚೆ ತೀರ್ಮಾನಿಸಿ. ಯಾರ ಹಣ ಬೇಡ, ಅದನ್ನು ಯಾರು ನಿರ್ಧರಿಸುತ್ತಾರೆ, ಯಾವ ಷರತ್ತು ಒಪ್ಪುವುದಿಲ್ಲ, ಮೂರನ್ನೂ ಬರೆದಿಡಿ. ಚುನಾವಣೆ ಸಮಯದಲ್ಲಿ ಸಂಸ್ಥೆಯ ಗಾಡಿ, ಬ್ಯಾನರ್, ಮಹಿಳಾ ಸಂಘಗಳ ಫೋನ್ ನಂಬರ್ ಯಾರಿಗೂ ಕೊಡುವುದಿಲ್ಲ ಅನ್ನುವ ಸಾಲೂ ಇರಲಿ.

ಕೊನೆಯದಾಗಿ ದೂರು. ಇದಿಲ್ಲದಿದ್ದರೆ ಉಳಿದದ್ದೆಲ್ಲ ಸುಮ್ನೆ ಕಾಗದ. ಎಂಟು ಜನ ಅಂತ ಹೇಳಿದ್ದೀರಿ. ಆದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಸಂಬಳ ಇಲ್ಲದ ಸ್ವಯಂಸೇವಕರನ್ನೂ ಉದ್ಯೋಗಿಗಳಲ್ಲೇ ಸೇರಿಸುತ್ತದೆ. ಸಂಜೆ ಪಾಠದವರನ್ನು ಎಣಿಸಿ ನೋಡಿ, ಹತ್ತು ಆಗಬಹುದು. ಹತ್ತು ಅಥವಾ ಹೆಚ್ಚು ಜನ ಇದ್ದರೆ ಈ ದೂರು ಕೇಳುವ ಆಂತರಿಕ ಸಮಿತಿ ಬೇಕೇ ಬೇಕು. ಅದಕ್ಕೆ ಹಿರಿಯ ಮಹಿಳೆ ಅಧ್ಯಕ್ಷರು, ಕನಿಷ್ಠ ಅರ್ಧ ಮಹಿಳೆಯರು, ಹೊರಗಿನವರು ಒಬ್ಬರು. ಹತ್ತಕ್ಕಿಂತ ಕಡಿಮೆ ಇದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಇದನ್ನು ಪ್ರತಿಯೊಬ್ಬರಿಗೂ ಹೇಳಿ.

ಹಣ, ಬೈಗುಳ, ಜಾತಿ ತಾರತಮ್ಯದ ದೂರುಗಳಿಗೂ ಒಬ್ಬರ ಹೆಸರು, ಫೋನ್ ನಂಬರ್ ಇರಲಿ. ದೂರು ಸಂಸ್ಥಾಪಕರ ಮೇಲೆಯೇ ಇದ್ದರೆ ಯಾರ ಬಳಿ ಹೋಗಬೇಕು? ಆ ಸಾಲನ್ನು ಸಂಸ್ಥಾಪಕರೇ ತಮ್ಮ ಕೈಯಿಂದ ಬರೆಯಲಿ. ಸಂಬಂಧವಿಲ್ಲದ ಒಬ್ಬ ನಿವೃತ್ತ ಶಿಕ್ಷಕಿಯೋ ವಕೀಲರೋ ಆ ಜವಾಬ್ದಾರಿ ಹೊರಲು ಒಪ್ಪಿದರೆ ಒಳ್ಳೆಯದು.

ಎಲ್ಲಾ ಸೇರಿ ಎರಡು ಪುಟ, ಕನ್ನಡದಲ್ಲಿ. ಓದಲು ಬಾರದವರಿಗೆ ಜೋರಾಗಿ ಓದಿ ಹೇಳಿ. ಕಾರ್ಯಕಾರಿ ಸಮಿತಿಯಲ್ಲಿ ಠರಾವು ಮಾಡಿ, ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಪ್ರತಿ ಸಲ ಓದಿ ತಿದ್ದಿ. ಕಂಪನಿಯವರಿಗೆ ಇಂಗ್ಲಿಷ್ ಪ್ರತಿ ಬೇಕಿದ್ದರೆ ಇದನ್ನೇ ಇಂಗ್ಲಿಷಿಗೆ ಮಾಡಿಸಿ ಕೊಡಿ.